ಬ್ರೂಕ್ಲಿನ್ನಿನ ಓರೆ ಮನೆಗಳೂ ಒಂದು ಸಂಪಿಗೆ ಮರವೂ

ನ್ಯೂಯಾರ್ಕಿಗೆ ಹೋಗಿಬಂದವರು ಬರೆಯುವ ಸಂಗತಿಗಳನ್ನು ನಮ್ಮ ಪತ್ರಿಕೆಯ ವಾಚಕರು ಈಗಾಗಲೇ ಸಾಕಷ್ಟು ಓದಿದ್ದಾರೆ. ದೀವಟಿಗೆ ಹಿಡಿದ ಸ್ವಾತಂತ್ರ್ಯದೇವಿ, ಮುಗಿಲು ಮುಟ್ಟುವ ಕಟ್ಟಡಗಳು, ಹಗಲು ರಾತ್ರಿಯೆನ್ನದೆ ಉರಿಯುವ ದೀಪಗಳು, ಇವನ್ನೆಲ್ಲ ನಾವೂ ನೋಡಿದೆವು. ನೋಡಿ ನೋಡಿ ಕತ್ತು ನೋಯಿಸಿಕೊಂಡೆವು. ಅವುಗಳ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಅದೇ ಮಹಾನಗರದ ಬ್ರೂಕ್ಲಿನ್ ಎಂಬ ಭಾಗದಲ್ಲಿ, ಪ್ರವಾಸಿಗಳು ಅಷ್ಟಾಗಿ ಸುಳಿಯದ ಎರಡು ಸ್ಥಳಗಳಲ್ಲಿ ನಾವು ಒಂದು ದಿನ ಕಳೆದೆವು. ಒಂದು ಕಡೆ ನೋಡತಕ್ಕದ್ದು ರಸ್ತೆಗೆ ಓರೆಯಾಗಿ ನಿಂತಿರುವ ನಾಲ್ಕು ಮರದ ಮನೆಗಳು. ಇನ್ನೊಂದು ಕಡೆ ಒಂದು ಮರ. ಇಷ್ಟನ್ನು ನೋಡಲು ಸಮುದ್ರ ದಾಟಿ ಹೋಗಬೇಕಾಗಿತ್ತೆ ಎಂದು ನಮ್ಮ ಕಚೇರಿಯ ಮಿತ್ರರು ನಕ್ಕರು. ನಗಲಿ.

ಗುಮಾಸ್ತನ ಸಂಬಳದಲ್ಲಿ ಅಮೆರಿಕ ಯಾತ್ರೆ ಹೇಗೆ ಒದಗಿತೆಂದು ಕೆಲವರಿಗಾದರೂ ಕುತೂಹಲವಿರಬಹುದು. ನಮ್ಮ ಮನೆಯವರ ತಂಗಿಯೂ ಆಕೆಯ ಯಜಮಾನರೂ ಜೆರ್ಸಿ ಸಿಟಿಯಲ್ಲಿ ನೆಲೆಸಿದ್ದಾರೆ. ವಿಮಾನದ ಟಿಕೆಟ್ಟಿನ ಅರ್ಧದಷ್ಟು ಹಣ ಷಡ್ಡಕರದು. ಉಳಿದರ್ಧ ನಮ್ಮ ಆರು ವರ್ಷದ ಉಳಿತಾಯ. ಸರ್ಕಾರಿ ನೌಕರನು ಪರದೇಶಕ್ಕೆ ಹೋಗಬೇಕಾದರೆ ಮೇಲಧಿಕಾರಿಗಳ ಅನುಮತಿ ಬೇಕಷ್ಟೆ. ನಮ್ಮ ಅರ್ಜಿ ನಾಲ್ಕು ಮೇಜುಗಳ ಮೇಲೆ ತಲಾ ಒಂದು ವಾರ ವಿಶ್ರಮಿಸಿ, ಹೊರಡಲು ಆರು ದಿನ ಉಳಿದಿರುವಾಗ ಕೈಸೇರಿತು. ನಾವೂ ಅಂಥದೇ ಮೇಜಿನ ಹಿಂದೆ ಕೂರುವವರಾದ್ದರಿಂದ ಗೊಣಗುವ ಹಕ್ಕು ನಮಗಿರಲಿಲ್ಲ.

“ಭಾವ, ಟೈಮ್ಸ್ ಸ್ಕ್ವೇರು ಎಲ್ಲರೂ ನೋಡ್ತಾರೆ. ನಿಮಗೆ ಹಳೇ ಕಾಗದಪತ್ರದ ಹುಚ್ಚು, ವೀಕ್ಸ್‌ವಿಲ್ಲಿಗೆ ಹೋಗಿ ಬನ್ನಿ. ಅಕ್ಕನಿಗೆ ಗಿಡದ ಹುಚ್ಚು, ಅವಳಿಗೂ ಅಲ್ಲೇ ಹತ್ತಿರದಲ್ಲಿ ಒಂದು ತೋಟವಿದೆ” ಎಂದು ನಾದಿನಿ ಹೇಳಿದಳು. ಜೂನ್ ತಿಂಗಳ ಮೊದಲ ಶನಿವಾರ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ನಾವು ಮೂವರು, ಎಂದರೆ ನಾವು ದಂಪತಿಗಳೂ ಹನ್ನೊಂದು ವರ್ಷದ ಮಗಳೂ, ಹೊರಟೆವು. ಜರ್ನಲ್ ಸ್ಕ್ವೇರಿನಲ್ಲಿ ರೈಲು ಹತ್ತಿದರೆ ಹಡ್ಸನ್ ನದಿಯ ತಳದಲ್ಲಿ ಕೊರೆದ ಸುರಂಗದಿಂದ ಅದು ಮ್ಯಾನ್‌ಹಟನ್ನಿಗೆ ಒಯ್ಯುತ್ತದೆ. ಅಲ್ಲಿ ನೆಲದಡಿಯ ಇನ್ನೊಂದು ರೈಲು ಹಿಡಿದು ಯೂಟಿಕಾ ಅವೆನ್ಯೂ ಎಂಬ ನಿಲ್ದಾಣದಲ್ಲಿ ಇಳಿದೆವು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಬೆಳೆದವರಿಗೆ ನ್ಯೂಯಾರ್ಕಿನ ರೈಲು ಹೆದರಿಕೆ ಹುಟ್ಟಿಸುವುದಿಲ್ಲ; ಕುಳಿತುಕೊಳ್ಳಲು ಸ್ಥಳ ಸಿಕ್ಕಿತೆಂದು ಒಂದಿಷ್ಟು ಗಾಬರಿಯೇ ಆಯಿತೆನ್ನಬೇಕು.

ನಿಲ್ದಾಣದಿಂದ ನಡೆಯುತ್ತ ಹೋದರೆ ಇಟ್ಟಿಗೆಯ ಮನೆಗಳ ಸಾಲು, ಚರ್ಚುಗಳು, ಕ್ಷೌರದಂಗಡಿಗಳು, ಸರ್ಕಾರ ಕಟ್ಟಿಸಿದ ಬಾಡಿಗೆ ವಸತಿಗಳು. ಬರ್ಗನ್ ಸ್ಟ್ರೀಟಿಗೆ ಬಂದೊಡನೆ ಇದ್ದಕ್ಕಿದ್ದಂತೆ ಆಕಾಶ ಅಗಲವಾಯಿತು. ಎತ್ತರದ ಹುಲ್ಲು ಬೆಳೆದ ಬಯಲು. ಅದರ ಆಚೆಗೆ ಹಲಗೆ ಹೊಡೆದ ಪುಟ್ಟ ಮನೆಗಳು. ಈ ಊರಿನಲ್ಲಿ ಎಲ್ಲ ಮನೆಗಳೂ ಡ್ರಿಲ್ಲಿಗೆ ನಿಂತ ಪೋಲೀಸರಂತೆ ರಸ್ತೆಗೆ ನೆಟ್ಟಗೆ ಮುಖಮಾಡಿ ನಿಂತಿರುತ್ತವೆ. ಈ ನಾಲ್ಕು ಮಾತ್ರ ಓರೆ. ಏಕೆಂದರೆ ಈಗಿನ ಚೌಕುಳಿ ರಸ್ತೆಗಳು ಬರುವ ಮುಂಚೆಯೇ ಇಲ್ಲೊಂದು ಹಳ್ಳಿಯ ದಾರಿಯಿತ್ತು, ಹಂಟರ್‌ಫ್ಲೈ ರೋಡ್ ಎಂದು ಅದರ ಹೆಸರು. ಮನೆಗಳು ಮುಖ ಮಾಡಿರುವುದು ಆ ದಾರಿಗೆ. ದಾರಿ ಹೋಯಿತು, ಮನೆಗಳು ಮುಖ ತಿರುಗಿಸಲಿಲ್ಲ.

ಈ ಹಳ್ಳಿಯ ಹುಟ್ಟಿನ ಕಥೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು ೧೮೨೭ರ ಜುಲೈ ೪ರಂದು. ಬಿಡುಗಡೆಯೇನೋ ಆಯಿತು, ಮತ ಹಾಕುವ ಹಕ್ಕು ಮಾತ್ರ ಬೀಗದಲ್ಲಿತ್ತು. ಬಿಳಿಯ ಗಂಡಸರ ಮೇಲಿದ್ದ ಆಸ್ತಿಯ ಷರತ್ತನ್ನು ಆ ಕಾಲದಲ್ಲಿ ಕ್ರಮೇಣ ತೆಗೆದುಹಾಕಿದರು. ಕಪ್ಪು ಗಂಡಸಿಗೆ ಮಾತ್ರ ೨೫೦ ಡಾಲರ್ ಬೆಲೆಯ ಸ್ವಂತ ಸ್ಥಿರಾಸ್ತಿ ಇರಲೇಬೇಕೆಂದು ೧೮೨೧ರ ರಾಜ್ಯಸಂವಿಧಾನದಲ್ಲಿ ಬರೆದಿಟ್ಟರು. ಇಂಥ ನಿಯಮಗಳನ್ನು ಬರೆಯುವ ಕೈಯ ಚಾತುರ್ಯ ನಮ್ಮಂಥ ಕಡತದ ಜನಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ನೇರವಾಗಿ ‘ಇಲ್ಲ’ ಎನ್ನದೆ, ಈಡೇರಿಸಲಾಗದ ಷರತ್ತೊಂದನ್ನು ಮುಂದಿಡುವುದು.

ಆದರೆ ಆ ಜನ ಷರತ್ತನ್ನು ಈಡೇರಿಸಲು ಹೊರಟರು. ೧೮೩೭ರಲ್ಲಿ ಅಮೆರಿಕದಲ್ಲಿ ದೊಡ್ಡ ಹಣಕಾಸಿನ ಮುಗ್ಗಟ್ಟು ಬಂದು ಭೂಮಿಯ ಬೆಲೆ ಕುಸಿಯಿತು. ಮರುವರ್ಷ, ೧೮೩೮ರಲ್ಲಿ, ಬಂದರಿನಲ್ಲಿ ಹಡಗಿನ ಸರಕು ಏರಿಸಿ ಇಳಿಸುವ ಕೆಲಸದ ಜೇಮ್ಸ್ ವೀಕ್ಸ್ ಎಂಬಾತ ಇಲ್ಲಿ ಜಾಗ ಕೊಂಡನು. ಮಾರಿದವನು ಹೆನ್ರಿ ಥಾಂಪ್ಸನ್, ಆತನೂ ಕಪ್ಪು ಜನರವನೇ. ಸುತ್ತ ಇನ್ನಷ್ಟು ಜನ ನಿವೇಶನ ಕೊಂಡರು. ಊರಿಗೆ ವೀಕ್ಸ್‌ವಿಲ್ ಎಂದೇ ಹೆಸರಾಯಿತು. ೧೮೫೦ರ ದಶಕದ ಹೊತ್ತಿಗೆ ಐನೂರಕ್ಕೂ ಹೆಚ್ಚು ಜನ ಇಲ್ಲಿ ವಾಸವಾಗಿದ್ದರು. ಶಾಲೆ ಕಟ್ಟಿಕೊಂಡರು, ಚರ್ಚು ಕಟ್ಟಿಕೊಂಡರು, ಅನಾಥಾಲಯ, ವೃದ್ಧರ ಮನೆ, ಎಲ್ಲವೂ ಬಂದವು. ೧೮೬೬ರಲ್ಲಿ ಇಲ್ಲಿಂದ ಒಂದು ಪತ್ರಿಕೆಯೂ ಹೊರಟಿತು, ‘ಫ್ರೀಡ್‌ಮನ್ಸ್ ಟಾರ್ಚ್‌ಲೈಟ್’ ಎಂದು. ದಕ್ಷಿಣದಲ್ಲಿ ಹೊಸದಾಗಿ ಬಿಡುಗಡೆಯಾದ ಜನರಿಗೆಂದು ಅದರಲ್ಲಿ ಸುದ್ದಿಯ ಜೊತೆಗೆ ಓದು ಕಲಿಯುವ ಪಾಠಗಳೂ ಇದ್ದವು. ನ್ಯೂಯಾರ್ಕ್ ರಾಜ್ಯದ ಮೊದಲ ಕಪ್ಪು ಮಹಿಳಾ ವೈದ್ಯೆ ಸೂಸನ್ ಸ್ಮಿತ್ ಮೆಕಿನಿ ಸ್ಟುವರ್ಡ್ ಹುಟ್ಟಿದ್ದು ಈ ಊರಿನಲ್ಲಿ, ೧೮೪೭ರಲ್ಲಿ. ಆಕೆ ವೈದ್ಯಕೀಯ ಪದವಿ ಪಡೆದದ್ದು ೧೮೭೦ರಲ್ಲಿ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ೧೮೬೩ರ ಜುಲೈಯಲ್ಲಿ, ಅಂತರ್ಯುದ್ಧದ ನಡುವೆ, ಕಡ್ಡಾಯ ಸೈನ್ಯಭರ್ತಿಯ ವಿರುದ್ಧ ಮ್ಯಾನ್‌ಹಟನ್ನಿನಲ್ಲಿ ದೊಂಬಿಯೆದ್ದು ಅದು ಕಪ್ಪು ಜನರ ಮೇಲೆ ತಿರುಗಿತು. ಮನೆಗಳನ್ನು ಸುಟ್ಟರು, ಬೀದಿಯಲ್ಲಿ ಹಿಡಿದು ಕೊಂದರು, ಅವರ ಮಕ್ಕಳ ಅನಾಥಾಲಯಕ್ಕೂ ಬೆಂಕಿಯಿಟ್ಟರು. ನದಿ ದಾಟಿ ಓಡಿಬಂದ ಎಷ್ಟೋ ಸಂಸಾರಗಳಿಗೆ ವೀಕ್ಸ್‌ವಿಲ್ ಆಶ್ರಯ ಕೊಟ್ಟಿತು. ಮನೆಯ ಒಳಗೆ ಕರೆದೊಯ್ದು ಇದನ್ನು ತಿಳಿಸಿದ ತರುಣಿ, ಆ ಚಿಕ್ಕ ಕೋಣೆಗಳನ್ನು ಕೈಯಿಂದ ತೋರಿಸಿ, “ಇಷ್ಟರಲ್ಲೇ ಬಂದವರನ್ನೂ ಇಟ್ಟುಕೊಂಡಿರಬೇಕು” ಎಂದಳು. ಕೋಣೆಗಳು ನಿಜವಾಗಿಯೂ ಚಿಕ್ಕವು. ಮುಂಬಯಿಯ ಚಾಳಿನ ಖೋಲಿಯಲ್ಲಿ ಊರಿಂದ ಬಂದ ನೆಂಟರೊಡನೆ ಹತ್ತು ಜನ ಮಲಗಿದ ನೆನಪಿರುವವರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಮುಂದೆ ೧೮೮೩ರಲ್ಲಿ ಬ್ರೂಕ್ಲಿನ್ ಸೇತುವೆ ತೆರೆಯಿತು. ಊರು ಬೆಳೆಯಿತು, ಚೌಕುಳಿ ರಸ್ತೆಗಳು ಹೊಲಗದ್ದೆಗಳನ್ನು ನುಂಗಿದವು. ಇಪ್ಪತ್ತನೆಯ ಶತಮಾನದ ನಡುವಿಗೆ ಬರುವಾಗ ವೀಕ್ಸ್‌ವಿಲ್ ಎಂಬ ಹೆಸರೇ ಜನರ ಬಾಯಿಂದ ಮರೆಯಾಗಿತ್ತು. ಎಲ್ಲೋ ಕೆಲವು ಹಿರಿಯರಿಗೆ, ಹಳೆಯ ಪುಸ್ತಕದ ಒಂದೆರಡು ಸಾಲುಗಳಿಗೆ ಮಾತ್ರ ಅದರ ನೆನಪು.

ಅದು ಮತ್ತೆ ಸಿಕ್ಕಿದ ರೀತಿಯೇ ಸ್ವಾರಸ್ಯವಾದದ್ದು. ೧೯೬೮ರಲ್ಲಿ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಜೇಮ್ಸ್ ಹರ್ಲಿ ಎಂಬವರು ಬ್ರೂಕ್ಲಿನ್ ಕೇರಿಗಳ ಇತಿಹಾಸದ ತರಗತಿ ನಡೆಸುತ್ತಿದ್ದರು. ಹಳೆಯ ಬರಹಗಳಲ್ಲಿ ವೀಕ್ಸ್‌ವಿಲ್ಲಿನ ಹೆಸರು ಕಂಡರು. ನೆಲದ ಮೇಲೆ ಹುಡುಕಿದರೆ ಗುರುತು ಸಿಗಲೊಲ್ಲದು. ಅವರ ಜೊತೆಗಾರ ಜೋಸೆಫ್ ಹೇನ್ಸ್ ರೈಲ್ವೆಯ ಇಂಜಿನಿಯರು, ವಿಮಾನ ಹಾರಿಸಲೂ ಬಲ್ಲವರು. ಇಬ್ಬರೂ ಸಣ್ಣ ವಿಮಾನವೇರಿ ಬ್ರೂಕ್ಲಿನ್ ಮೇಲೆ ಸುತ್ತಿದರು. ಮೇಲಿನಿಂದ ನೋಡಿದರೆ ಎಲ್ಲವೂ ಚೌಕ ಚೌಕ. ನಡುವೆ ಒಂದು ಕಡೆ ಮಾತ್ರ ಓರೆಯಾದ ಒಂದು ತುಂಡು ದಾರಿ, ಅದರ ಬದಿಯಲ್ಲಿ ಹಳೆಯ ಮನೆಗಳು. ನೂರು ವರ್ಷ ಬೀದಿಯ ಹಿತ್ತಿಲಲ್ಲಿ ಅವಿತಿದ್ದ ಊರು ಹೀಗೆ ಆಕಾಶದಿಂದ ಪತ್ತೆಯಾಯಿತು.

ಪತ್ತೆಯಾದೊಡನೆ ಉಳಿಯಿತೆಂದು ತಿಳಿಯಬಾರದು. ಹತ್ತಿರದಲ್ಲಿಯೇ ಹೊಸ ವಸತಿಗಾಗಿ ಹಳೆಯ ಕಟ್ಟಡಗಳನ್ನು ಕೆಡವುವ ಕೆಲಸ ನಡೆದಿತ್ತು. ಕೆಡವಿದ ಜಾಗದಲ್ಲಿ ೧೯೬೯ರಲ್ಲಿ ಉತ್ಖನನ ಮಾಡಿದರು. ಅಗೆದವರು ಯಾರು? ವಿದ್ವಾಂಸರ ಜೊತೆಗೆ ನೆರೆಯ ನಿವಾಸಿಗಳು, ಸ್ಕೌಟ್ ಹುಡುಗರು, ಪಿ.ಎಸ್. ೨೪೩ ಎಂಬ ಸಾರ್ವಜನಿಕ ಶಾಲೆಯ ಮಕ್ಕಳು. ಒಡೆದ ಪಾತ್ರೆಯ ಚೂರುಗಳನ್ನೂ ಸೀಸೆಗಳನ್ನೂ ಮಣ್ಣಿನಿಂದ ಆರಿಸಿ ತೊಳೆದರು. ಸಿಕ್ಕವುಗಳಲ್ಲಿ ತಗಡಿನ ಮೇಲೆ ತೆಗೆದ ಒಂದು ಹಳೆಯ ಭಾವಚಿತ್ರವೂ ಇತ್ತು, ನೆಟ್ಟ ದೃಷ್ಟಿಯಿಂದ ನೋಡುತ್ತಿರುವ ಒಬ್ಬ ಹೆಂಗಸಿನದು. ಆಕೆಯ ಹೆಸರು ಯಾರಿಗೂ ತಿಳಿಯದು. ‘ವೀಕ್ಸ್‌ವಿಲ್ಲಿನ ಮಹಿಳೆ’ ಎಂದೇ ಎಲ್ಲರೂ ಕರೆಯುತ್ತಾರೆ.

ಅದೇ ಶಾಲೆಯ ಮಕ್ಕಳು ಆಮೇಲೆ ನಗರದ ಸ್ಮಾರಕ ಸಂರಕ್ಷಣಾ ಆಯೋಗದ ಮುಂದೆ ಹೋಗಿ, ಈ ಮನೆಗಳನ್ನು ಉಳಿಸಿಕೊಡಿ ಎಂದು ಮನವಿ ಮಾಡಿದರು. ಪುಡಿಗಾಸು ಕೂಡಿಸಿ ನಿಧಿಗೂ ಕೊಟ್ಟರು. ೧೯೭೦ರ ಆಗಸ್ಟಿನಲ್ಲಿ ಆದೇಶ ಹೊರಟಿತು: ಹಂಟರ್‌ಫ್ಲೈ ರಸ್ತೆಯ ಮನೆಗಳು ನಗರದ ಸಂರಕ್ಷಿತ ಸ್ಮಾರಕಗಳು. ನಾವು ಹದಿನಾಲ್ಕು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಅರ್ಜಿಗಳನ್ನು ನೋಂದಾಯಿಸುತ್ತಿದ್ದೇವೆ. ಅರ್ಜಿಯೊಂದು ಎರಡೇ ವರ್ಷದಲ್ಲಿ ಹೀಗೆ ದಡ ಸೇರಿದ್ದನ್ನು, ಅದೂ ಅರ್ಜಿದಾರರಿಗೆ ಮೀಸೆಯೂ ಬಂದಿಲ್ಲದಿರುವಾಗ, ನಾವಂತೂ ಕಂಡಿಲ್ಲ.

“ಅಪ್ಪಾ, ಆ ಮಕ್ಕಳಿಗೆ ಪರೀಕ್ಷೆ ಇರಲಿಲ್ವಾ?” ಎಂದು ನಮ್ಮ ಮಗಳು ಕೇಳಿದಳು. ಅವಳ ಶಾಲೆಯಲ್ಲಿ ಇತಿಹಾಸವೆಂದರೆ ಬಿಟ್ಟ ಸ್ಥಳ ತುಂಬುವುದು. ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ ತರುಣಿಗೆ ಹೇಳಿದೆವು. ಆಕೆ ಜೋರಾಗಿ ನಕ್ಕು, “ಇದೇ ಅವರ ಪರೀಕ್ಷೆ ಆಗಿತ್ತು” ಎಂದಳು. ಪಿ.ಎಸ್. ೨೪೩ ಶಾಲೆಗೆ ಈಗ ವೀಕ್ಸ್‌ವಿಲ್ ಶಾಲೆ ಎಂದೇ ಹೆಸರು.

ಮನೆಗಳನ್ನು ಕೊಂಡು ದುರಸ್ತಿ ಮಾಡಿಸಲು ಒಂದು ಸಂಘ ಹುಟ್ಟಿತು. ಅದನ್ನು ೧೯೯೯ರ ವರೆಗೆ ನಡೆಸಿದವರು ಜೋನ್ ಮೇನಾರ್ಡ್ ಎಂಬ ಮಹಿಳೆ. ವೃತ್ತಿಯಿಂದ ಚಿತ್ರಕಲಾವಿದೆ; ಇದೇ ಬ್ರೂಕ್ಲಿನ್ನಿನವರು. ಮಳೆಗಾಲ ಬಂದರೆ ಸೋರುವ ಸೂರು, ಕಿಟಕಿ ಒಡೆಯುವ ಪುಂಡರು, ಕೈಯಲ್ಲಿಲ್ಲದ ಹಣ, ಈ ಮೂರನ್ನೂ ಮೂವತ್ತು ವರ್ಷ ಎದುರಿಸುವುದು ಹುಡುಗಾಟವಲ್ಲ. ಸಂಘ ನಡೆಸಿದ ಅನುಭವವಿರುವ ನಮ್ಮ ವಾಚಕರಿಗೆ ಇದು ಗೊತ್ತು: ವಾರ್ಷಿಕೋತ್ಸವಕ್ಕೆ ಜನ ಬರುತ್ತಾರೆ; ಹಂಚು ಬದಲಾಯಿಸುವ ದಿನ ಕಾರ್ಯದರ್ಶಿಯೊಬ್ಬನೇ ಇರುತ್ತಾನೆ. ಮೇನಾರ್ಡ್ ೨೦೦೬ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ ಮನೆಗಳ ಜೀರ್ಣೋದ್ಧಾರ ಮುಗಿದದ್ದು ನಮಗೆ ಸಮಾಧಾನ ತಂದಿತು. ೨೦೧೪ರಲ್ಲಿ ಪಕ್ಕದಲ್ಲಿಯೇ ಹೊಸ ಕಟ್ಟಡವೊಂದು ತೆರೆಯಿತು. ಪ್ರದರ್ಶನ, ಸಂಗೀತ, ಉಪನ್ಯಾಸಗಳು ಅಲ್ಲಿ ನಡೆಯುತ್ತವೆ.

ಕಟ್ಟಡವೆದ್ದ ಮೇಲೂ ಕಷ್ಟ ತಪ್ಪಲಿಲ್ಲ. ೨೦೧೯ರಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕುವ ಸ್ಥಿತಿ ಬಂತು. ಎರಡು ಲಕ್ಷ ಡಾಲರ್ ಬೇಕೆಂದು ಜನರ ಮುಂದೆ ಕೈಚಾಚಿದರು; ಜನ ಅದಕ್ಕಿಂತ ಹೆಚ್ಚೇ ಕೊಟ್ಟರು. ಆಮೇಲೆ ನಗರಸರ್ಕಾರ ಈ ಕೇಂದ್ರವನ್ನು ತಾನು ನಿಯತವಾಗಿ ನೆರವು ನೀಡುವ ಸಂಸ್ಥೆಗಳ ಪಟ್ಟಿಗೆ ಸೇರಿಸಿತು.

ಮಧ್ಯಾಹ್ನ ಹುಲ್ಲಿನ ಬದಿಯಲ್ಲಿ ಕುಳಿತು ಚಿತ್ರಾನ್ನ ತಿಂದೆವು. ಹಳೆಯ ಹಂಟರ್‌ಫ್ಲೈ ದಾರಿ ಎಲ್ಲಿ ಹೋಗಿತ್ತೋ ಅದೇ ಜಾಡಿನಲ್ಲಿ ಈಗ ಕಾಲುಹಾದಿಯನ್ನು ಗುರುತು ಮಾಡಿದ್ದಾರೆ. ಮಗಳು ಅದರ ಮೇಲೆ ನಾಲ್ಕು ಸಲ ಓಡಿದಳು.

ಇನ್ನು ಮರದ ಸಂಗತಿ. ಬಸ್ಸು ಹತ್ತಿ, ಸ್ವಲ್ಪ ನಡೆದು, ಬೆಡ್‌ಫರ್ಡ್-ಸ್ಟೈವೆಸೆಂಟ್ ಎಂಬ ಕೇರಿಯ ಲಫಾಯೆಟ್ ಅವೆನ್ಯೂಗೆ ಬಂದೆವು. ಕಂದು ಕಲ್ಲಿನ ಹಳೆಯ ಮನೆಗಳು, ಎದುರಿಗೆ ದೊಡ್ಡ ಉದ್ಯಾನ. ೬೭೯ನೆಯ ಸಂಖ್ಯೆಯ ಮನೆಯ ಮುಂದೆ, ಗೋಡೆಗೆ ಬೆನ್ನು ಕೊಟ್ಟಂತೆ, ಸುಮಾರು ನಲವತ್ತು ಅಡಿ ಎತ್ತರದ ಮರ. ಎಲೆಗಳು ದಪ್ಪ, ಮೇಲೆ ಎಣ್ಣೆ ಹಚ್ಚಿದಂತೆ ಹೊಳಪು, ಅಡಿಯಲ್ಲಿ ಕಂದು ಬಣ್ಣ. ಆಗತಾನೇ ಹೂ ಬಿಡುವ ಕಾಲ. ಬೊಗಸೆಯಷ್ಟು ಅಗಲದ ಬಿಳಿಯ ಹೂ ಎರಡು ಮೂರು ಕಾಣುತ್ತಿದ್ದವು. ನಮ್ಮ ಮನೆಯವರು ಬೀದಿಯಲ್ಲಿ ನಿಂತು ಮೂಗು ಮೇಲೆತ್ತಿ, “ಇದು ಸಂಪಿಗೆಯ ಜಾತಿಯೇ ಸರಿ” ಎಂದರು. ಮಾತು ನಿಜ. ಇದರ ಶಾಸ್ತ್ರೀಯ ಹೆಸರು ಮ್ಯಾಗ್ನೋಲಿಯ ಗ್ರ್ಯಾಂಡಿಫ್ಲೋರ. ನಮ್ಮ ಸಂಪಿಗೆ ಮ್ಯಾಗ್ನೋಲಿಯ ಚಂಪಕ. ಅಕ್ಕತಂಗಿಯರು.

ಇದು ದಕ್ಷಿಣದ ಬಿಸಿಲಿನ ಮರ. ೧೮೮೫ರ ಸುಮಾರಿಗೆ ವಿಲಿಯಂ ಲೆಮ್ಕೆನ್ ಎಂಬಾತ ಉತ್ತರ ಕೆರೊಲಿನದಿಂದ ಸಸಿಯನ್ನು ತಂದು ತನ್ನ ಮನೆಯ ಮುಂದೆ ನೆಟ್ಟನು. ನ್ಯೂಯಾರ್ಕಿನ ಹಿಮಕ್ಕೆ ಅದು ಬದುಕುವುದೇ ಕಷ್ಟ. ಬದುಕಿದ್ದು ಹಿಂದಿನ ಮೂರು ಮನೆಗಳ ಆಸರೆಯಿಂದ. ಉತ್ತರದ ಗಾಳಿಯನ್ನು ಅವು ತಡೆಯುತ್ತವೆ, ಬಿಸಿಲಿನ ಕಾವನ್ನು ಕೊಡುತ್ತವೆ. ೧೯೬೦ರ ದಶಕದ ಕೊನೆಯಲ್ಲಿ ನಗರದ ಪುನರ್ನಿರ್ಮಾಣದ ಯೋಜನೆ ಬಂದು ಆ ಮನೆಗಳನ್ನು ಕೆಡವುವ ಮಾತಾಯಿತು. ಮನೆ ಹೋದರೆ ಮರವೂ ಹೋದಂತೆ.

ಇಲ್ಲಿ ಹ್ಯಾಟಿ ಕಾರ್ಥನ್ ಎಂಬ ಮುದುಕಿಯನ್ನು ವಾಚಕರಿಗೆ ಪರಿಚಯ ಮಾಡಿಕೊಡಬೇಕು. ಆಕೆ ಹುಟ್ಟಿದ್ದು ೧೯೦೦ರಲ್ಲಿ, ವರ್ಜೀನಿಯದಲ್ಲಿ. ೧೯೫೩ರಲ್ಲಿ ಈ ಕೇರಿಯ ವರ್ನನ್ ಅವೆನ್ಯೂಗೆ ವಾಸಕ್ಕೆ ಬಂದಾಗ ಬೀದಿಯಲ್ಲಿ ಮರಗಳ ನೆರಳಿತ್ತು. ಹತ್ತು ವರ್ಷದಲ್ಲಿ ಮರಗಳು ಹೋದವು, ಮನೆಗಳು ಪಾಳು ಬಿದ್ದವು, ಆಗುವವರು ಊರು ಬಿಟ್ಟರು. ಅದಕ್ಕೆ ಹಳೆಯ ಕಾರಣವೊಂದಿತ್ತು. ೧೯೩೦ರ ದಶಕದಲ್ಲಿ ಸರ್ಕಾರದ ಸಾಲ ಸಂಸ್ಥೆಯೊಂದು ಊರಿನ ನಕ್ಷೆ ಮಾಡಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದಿತ್ತು. ಅಲ್ಲಿ ಸಾಲ ಕೊಡುವುದು ಅಪಾಯ ಎಂದು ಅರ್ಥ. ಬ್ಯಾಂಕುಗಳು ಹಣ ಕೊಡದಿದ್ದರೆ ಮನೆ ರಿಪೇರಿ ಹೇಗೆ? ಮನೆ ರಿಪೇರಿ ಆಗದಿದ್ದರೆ ಬೀದಿ ಹೇಗಿದ್ದೀತು?

೧೯೬೪ರಲ್ಲಿ, ಅರವತ್ತು ದಾಟಿದ ಈಕೆ, ನೆರೆಹೊರೆಯವರಿಗೆಲ್ಲ ಕಾರ್ಡು ಬರೆದು ಸಭೆಗೆ ಕರೆದಳು. ಬಂದವರು ಬೆರಳೆಣಿಕೆಯಷ್ಟು. ಅವರನ್ನೇ ಸೇರಿಸಿ ಟಾಂಪ್ಕಿನ್ಸ್ ಮತ್ತು ತ್ರೂಪ್ ಎಂಬ ಎರಡು ರಸ್ತೆಗಳ ನಡುವಿನ ತಮ್ಮ ಬೀದಿಗೆ ಒಂದು ಸಂಘ ಕಟ್ಟಿ, ಮೊದಲು ನಾಲ್ಕು ಗಿಡ ನೆಟ್ಟರು. ಹಣಕ್ಕಾಗಿ ಬೀದಿಯಲ್ಲೇ ಊಟ ಮಾಡಿ ಮಾರಿದರು. ನಗರಾಧ್ಯಕ್ಷ ಜಾನ್ ಲಿಂಡ್ಸೆಗೂ ಆಹ್ವಾನ ಹೋಯಿತು, ಅವರು ಬಂದರು. ಮುಂದೆ ಜನ ನಾಲ್ಕು ಗಿಡ ಕೊಂಡರೆ ನಗರ ಆರು ಗಿಡ ಕೊಡುವ ಏರ್ಪಾಟಾಯಿತು. ಹೀಗೆ ಆ ಕೇರಿಯಲ್ಲಿ ೧,೫೦೦ಕ್ಕೂ ಹೆಚ್ಚು ಮರಗಳು ಎದ್ದವು. ನೆಟ್ಟ ಗಿಡಕ್ಕೆ ನೀರು ಹಾಕುವವರಾರು? ೧೯೭೧ರಲ್ಲಿ ಮಕ್ಕಳದೊಂದು ವೃಕ್ಷದಳ ಕಟ್ಟಿದಳು. ಮಕ್ಕಳಿಗೆ ಗಿಡದ ಬುಡ ಸಡಿಲಿಸುವುದು, ನೀರೆರೆಯುವುದು, ಗೊಬ್ಬರ ಹಾಕುವುದು ಕಲಿಸಿ ಸ್ವಲ್ಪ ಭತ್ಯವನ್ನೂ ಕೊಡಿಸಿದಳು.

ಈ ಮುದುಕಿಯೇ ಸಂಪಿಗೆ ಮರದ ಪರವಾಗಿ ನಿಂತದ್ದು. ೧೯೭೦ರ ಫೆಬ್ರವರಿಯಲ್ಲಿ ಅದೇ ಸ್ಮಾರಕ ಆಯೋಗ ಮರವನ್ನು ಸಂರಕ್ಷಿತವೆಂದು ಘೋಷಿಸಿತು. ನ್ಯೂಯಾರ್ಕ್ ನಗರದಲ್ಲಿ ಈ ಮರ್ಯಾದೆ ಸಿಕ್ಕಿದ್ದು ಎರಡೇ ಮರಗಳಿಗೆ. ೧೯೬೬ರಲ್ಲಿ ಘೋಷಿತವಾದ ಇನ್ನೊಂದು ೧೯೯೦ರ ದಶಕದ ಕೊನೆಯಲ್ಲಿ ಸತ್ತುಹೋಯಿತು, ಇದೊಂದೇ ಉಳಿದಿದೆ. ಆಸರೆಯ ಮೂರು ಮನೆಗಳೂ ಉಳಿದು, ಮಕ್ಕಳಿಗೆ ಮಣ್ಣು ಮರಗಳ ಪಾಠ ಹೇಳುವ ಕೇಂದ್ರವಾದವು. ಕಾರ್ಥನ್ ೧೯೮೪ರಲ್ಲಿ ತೀರಿಕೊಂಡಳು. ‘ತೀರಿಕೊಂಡಳು’ ಎಂದು ಏಕವಚನದಲ್ಲಿ ಬರೆದದ್ದು ಅಗೌರವದಿಂದಲ್ಲ. ನಮ್ಮ ಅಜ್ಜಿಯನ್ನೂ ನಾವು ಹಾಗೆಯೇ ಕರೆಯುತ್ತಿದ್ದೆವು.

ಅಲ್ಲಿಂದ ಕೂಗಳತೆಯಲ್ಲಿ ಆಕೆಯ ಹೆಸರಿನ ತೋಟವಿದೆ. ತೋಟವೆಂದರೆ ನಮ್ಮ ಕಡೆಯ ಅಡಿಕೆ ತೋಟವೆಂದು ಎಣಿಸಬಾರದು. ಕೆಡವಿದ ಮನೆಗಳ ಖಾಲಿ ನಿವೇಶನ. ೧೯೭೦ರ ದಶಕದಲ್ಲಿ ನ್ಯೂಯಾರ್ಕಿನ ಬಡ ಕೇರಿಗಳಲ್ಲಿ ಇಂಥ ನಿವೇಶನಗಳು ಸಾವಿರಗಟ್ಟಲೆ ಇದ್ದವು. ಕಸ, ಒಡೆದ ಸೀಸೆ, ಹೆಗ್ಗಣ. ಜನ ತಾವೇ ಕಸ ಎತ್ತಿ, ಮಣ್ಣು ಹೊತ್ತು, ಕಾಯಿಪಲ್ಯ ಬೆಳೆದರು. ೧೯೭೮ರಲ್ಲಿ ನಗರಸರ್ಕಾರ ವರ್ಷಕ್ಕೆ ಒಂದು ಡಾಲರಿನಂತೆ ಇಂಥ ಜಾಗಗಳನ್ನು ಗೇಣಿಗೆ ಕೊಡತೊಡಗಿತು. ಭೂಮಿಗೆ ಬೆಲೆ ಬಂದಾಗ ಅದೇ ಸರ್ಕಾರ, ೧೯೯೯ರಲ್ಲಿ, ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಜನ ಗಲಾಟೆ ಮಾಡಿದರು. ಕೊನೆಯ ಗಳಿಗೆಯಲ್ಲಿ ಎರಡು ಧರ್ಮಸಂಸ್ಥೆಗಳು ಹಣ ಕೊಟ್ಟು ಅವನ್ನು ಕೊಂಡುಕೊಂಡವು. ಇಂದು ಊರಿನಲ್ಲಿ ಇಂಥ ತೋಟಗಳು ಐನೂರಕ್ಕೂ ಮೇಲೆ ಇವೆ.

ಬಾಗಿಲು ತೆರೆದಿತ್ತು. ಎಪ್ಪತ್ತರ ಮೇಲಿನ ಒಬ್ಬ ಅಜ್ಜಿ ಹುಲ್ಲಿನ ಟೋಪಿ ಹಾಕಿಕೊಂಡು ಕಳೆ ಕೀಳುತ್ತಿದ್ದರು. ಒಳಗೆ ಬನ್ನಿ ಎಂದರು. ಮಡಿಗಳಲ್ಲಿ ಕೋಸಿನ ಬಳಗದ ಅಗಲ ಎಲೆಯ ಸೊಪ್ಪು ಎದೆಯೆತ್ತರಕ್ಕೆ ಹತ್ತಿರವಾಗಿತ್ತು. ಅದನ್ನು ಅವರು ಕಾಲರ್ಡ್ ಎನ್ನುತ್ತಾರೆ. ಹೊಗೆಯಾಡಿಸಿದ ಮಾಂಸದ ಜೊತೆ ಬೇಯಿಸುವ ಕ್ರಮವನ್ನು ಅಜ್ಜಿ ವಿವರಿಸಿದಾಗ ನಮ್ಮ ಮನೆಯವರು ಮರ್ಯಾದೆಗೆ ತಲೆಯಾಡಿಸಿದರು. ಆದರೆ ಪಕ್ಕದ ಮಡಿಗೆ ಬಂದಾಗ ಮುಖ ಅರಳಿತು. ಗೇಣುದ್ದದ ಬೆಂಡೆಯ ಸಸಿಗಳು. ಅದರಾಚೆ ಅಲಸಂದೆ. ಇನ್ನೂ ಆಚೆ, ವೆಸ್ಟ್ ಇಂಡೀಸಿನಿಂದ ಬಂದ ನೆರೆಯವರು ಹಾಕಿದ ‘ಕಲಲೂ’ ಎಂಬ ಸೊಪ್ಪು, ನೋಡಿದರೆ ನಮ್ಮ ಹರಿವೆಯೇ!

“ಇದೆಲ್ಲ ನಮ್ಮೂರಿಂದ ಹಡಗಿನಲ್ಲಿ ಬಂತು, ನಮ್ಮ ಜೊತೆಗೇ” ಎಂದರು ಅಜ್ಜಿ. ನಮ್ಮೂರೆಂದರೆ ಆಫ್ರಿಕ. ಆ ಹಡಗು ಯಾವ ಹಡಗೆಂದು ಹೇಳಬೇಕಾಗಿಲ್ಲ. ಅಲಸಂದೆಯನ್ನು ಅನ್ನದ ಜೊತೆ ಬೇಯಿಸಿ ಹೊಸ ವರ್ಷದ ದಿನ ತಿಂದರೆ ವರ್ಷವೆಲ್ಲ ಶುಭವೆಂದು ಅವರ ನಂಬಿಕೆ. ನಮ್ಮ ಮನೆಯವರು ಅಲಸಂದೆಯ ಹುಳಿ ಮಾಡುವ ಕ್ರಮ ಹೇಳಿದರು. ಕೊಬ್ಬರಿ ರುಬ್ಬುವ ಘಟ್ಟಕ್ಕೆ ಬಂದಾಗ ಇಂಗ್ಲಿಷ್ ಕೈಕೊಟ್ಟಿತು, ಕೈಸನ್ನೆಯಿಂದ ಮುಂದುವರಿಯಿತು. ಅಲಸಂದೆಯ ತವರು ಆಫ್ರಿಕವೇ. ನಮ್ಮ ರಾಗಿ, ಜೋಳಗಳದೂ ಅಲ್ಲಿಯೇ. ಸಾವಿರಾರು ವರ್ಷಗಳ ಹಿಂದೆ ಅವು ನಮ್ಮಲ್ಲಿಗೆ ಬಂದವು. ಮುದ್ದೆ ಉಣ್ಣುವವರೂ ರೊಟ್ಟಿ ತಟ್ಟುವವರೂ ಇದನ್ನು ತಿಳಿದಿರುವುದು ಲೇಸು.

“ನಿಮ್ಮ ದೇಶದಲ್ಲಿ ನಮ್ಮಂಥವರು ಇದ್ದಾರೆಯೇ?” ಎಂದು ಅಜ್ಜಿ ಕೇಳಿದರು. ನಮ್ಮ ಮನೆಯವರ ತವರು ಯಲ್ಲಾಪುರದ ಕಡೆ. ಅಲ್ಲಿಯೂ ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲೂ ಇರುವ ಸಿದ್ದಿಯರ ವಿಷಯ ಹೇಳಿದರು. ಅವರ ಹಿರಿಯರೂ ಆಫ್ರಿಕದಿಂದಲೇ ಬಂದವರು, ಬಹಳ ಮಂದಿ ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ. ಅವರ ಹೆಂಗಸರು ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ ಎಂದಾಗ ಅಜ್ಜಿ ಕೈಯಲ್ಲಿದ್ದ ಕಳೆಯನ್ನು ಕೆಳಗಿಟ್ಟರು. “ನನ್ನ ಅಮ್ಮನೂ ಹೊಲೀತಿದ್ದಳು. ಸೌತ್ ಕೆರೊಲಿನದಿಂದ ಬರುವಾಗ ನಮ್ಮ ಹತ್ತಿರ ಇದ್ದದ್ದು ಎರಡು ಪೆಟ್ಟಿಗೆ, ಮೂರು ಕೌದಿ” ಎಂದರು. ಅವರು ಕೌದಿಗೆ ಬೇರೆ ಮಾತು ಬಳಸಿದರು, ವಸ್ತು ಅದೇ. ಬಣ್ಣ ಯಾವುದು, ಚೌಕ ಎಷ್ಟು ದೊಡ್ಡದು, ಅಂಚು ಹೇಗೆ ಎಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಮಗೂ ಮಗಳಿಗೂ ಅಲ್ಲಿ ಕೆಲಸವಿರಲಿಲ್ಲ, ಕಳೆ ಕಿತ್ತೆವು.

ತೋಟ ಚೆನ್ನಾಗಿದೆ, ಬೀದಿಯೂ ಚೆನ್ನಾಗಿದೆ ಎಂದು ಹೊರಡುವಾಗ ಹೇಳಿದೆವು. ಅಜ್ಜಿ ಕೂಡಲೇ ಒಪ್ಪಲಿಲ್ಲ. ಬೀದಿ ಚೆನ್ನಾಯಿತು, ಅದಕ್ಕೇ ಬೆಲೆ ಏರಿತು ಎಂದರು. ಕೆಂಪು ಬಣ್ಣ ಬಳಿದಿದ್ದ ಕೇರಿಯಲ್ಲಿ ಇಂದು ಒಂದು ಮನೆಯ ಬೆಲೆ ಗುಮಾಸ್ತನಿಗಿರಲಿ, ಅವನ ಮೇಲಧಿಕಾರಿಗೂ ನಿಲುಕದು. ೨೦೧೦ರಿಂದ ೨೦೨೦ರ ವರೆಗಿನ ಹತ್ತು ವರ್ಷಗಳಲ್ಲಿ ಬೆಡ್‌ಫರ್ಡ್-ಸ್ಟೈವೆಸೆಂಟಿನಲ್ಲಿ ಕಪ್ಪು ಜನರ ಸಂಖ್ಯೆ ಇಪ್ಪತ್ತು ಸಾವಿರಕ್ಕೂ ಮೇಲೆ ಇಳಿಯಿತೆಂದು ಜನಗಣತಿಯ ಲೆಕ್ಕ ಹೇಳುತ್ತದೆ. ಬಾಡಿಗೆ ಕಟ್ಟಲಾರದವರು ದೂರ ಹೋದರು. ಎಷ್ಟೋ ಮಂದಿ ತಮ್ಮ ಅಜ್ಜ ಅಜ್ಜಿ ಬಿಟ್ಟುಬಂದ ದಕ್ಷಿಣಕ್ಕೇ ಮರಳಿದರು. ಅಜ್ಜಿಯ ತಮ್ಮನ ಮಗಳೂ ಹೋಗಿದ್ದಾಳಂತೆ. “ಮರ ಉಳಿಸಿದೆವು. ನೆರಳಿನಲ್ಲಿ ಯಾರು ಕೂರುತ್ತಾರೆ ಅಂತ ನೋಡಬೇಕು” ಎಂದು, ಸಿಟ್ಟಿಲ್ಲದೆ, ಲೆಕ್ಕ ಹೇಳುವಂತೆ ಹೇಳಿದರು. ಆದರೂ ಹೊಸದಾಗಿ ಬಂದ ಬಿಳಿಯ ತರುಣನೊಬ್ಬ ಗೊಬ್ಬರದ ಗಾಡಿ ತಳ್ಳಿಕೊಂಡು ಬಂದಾಗ ಯಾವ ಮಡಿಗೆ ಎಷ್ಟು ಹಾಕಬೇಕೆಂದು ಅವನಿಗೆ ತಾಳ್ಮೆಯಿಂದ ತೋರಿಸಿದರು.

ನಮಗೆ ಒಂದು ಹಿಡಿ ಅಲಸಂದೆ ಬೀಜ ಕೊಡಲು ಬಂದರು. ಬೀಜಗಳನ್ನು ಪರದೇಶದಿಂದ ತರಲು ಪರ್ಮಿಟ್ಟೂ ಸಸ್ಯಾರೋಗ್ಯದ ಪ್ರಮಾಣಪತ್ರವೂ ಬೇಕೆಂಬ ನಿಯಮ ನಮಗೆ ಗೊತ್ತಿದ್ದರಿಂದ ಬೇಡವೆಂದೆವು. “ಹಿಡಿ ಅಲಸಂದೆಗೂ ಪರ್ಮಿಟ್ಟೇನ್ರೀ?” ಎಂದು ನಮ್ಮ ಮನೆಯವರು ಕನ್ನಡದಲ್ಲಿ ಕೇಳಿದರು, ರೈಲಿನಲ್ಲಿಯೂ ಒಮ್ಮೆ ಕೇಳಿದರು. ಆ ಬೀಜಗಳು ನಾದಿನಿಯ ಮನೆಯ ಬಾಲ್ಕನಿಯ ಕುಂಡಕ್ಕೆ ಹೋದವು. ಆಗಸ್ಟಿನಲ್ಲಿ ಕಾಯಿ ಬಿಟ್ಟಿತೆಂದು ಅವಳು ಫೋಟೋ ಕಳಿಸಿದಳು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ವಾಚಕರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಎರಡು ಮಾತು. ವೀಕ್ಸ್‌ವಿಲ್ಲಿನ ಮನೆಗಳ ಒಳಗೆ ಎಲ್ಲ ದಿನವೂ ಬಿಡುವುದಿಲ್ಲ. ಮುಂಚಿತವಾಗಿ ವಿಚಾರಿಸಿಕೊಂಡು ಹೋಗಬೇಕು. ಸಂಪಿಗೆ ಮರಕ್ಕೆ ಟಿಕೆಟ್ಟಿಲ್ಲ, ಬೀದಿಯಿಂದಲೇ ಕಾಣುತ್ತದೆ. ಜೂನ್ ತಿಂಗಳಲ್ಲಿ ಹೋದರೆ ಹೂವಿರುತ್ತದೆ. ಎದುರಿನ ಉದ್ಯಾನದಲ್ಲಿ ಬೆಂಚುಗಳಿವೆ; ಮೊಣಕಾಲು ನೋವಿನವರು ಅಲ್ಲಿ ಕುಳಿತೂ ನೋಡಬಹುದು.